ಜಾಂಗೋ ಟೆಂಪ್ಲೇಟಿನಲ್ಲಿ ಚೆಕ್‌ಬಾಕ್ಸ್‌ಗೆ ಚೊಕ್ಕ ರೂಪ

ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೋದಲ್ಲಿ ಬ್ಯಾಡಗಿ ಮಾರುಕಟ್ಟೆಯ ವರ್ತಕರಿಗೆ ಒಂದು ಫಾರ್ಮ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಯಾವ ಮೆಣಸಿನಕಾಯಿ ವ್ಯಾಪಾರ ಎಂದು ಕೇಳಬೇಕು: ಡಬ್ಬಿ, ಕಡ್ಡಿ, ಗುಂಟೂರು. ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಬಹುದು. ಇದಕ್ಕೆ ಮಲ್ಟಿಪಲ್‌ಚಾಯ್ಸ್‌ಫೀಲ್ಡ್ ಇಟ್ಟು, ವಿಜೆಟ್ (ಫೀಲ್ಡ್ ಪುಟದಲ್ಲಿ ಕಾಣುವ ರೂಪ) ಆಗಿ ಚೆಕ್‌ಬಾಕ್ಸ್‌ಸೆಲೆಕ್ಟ್‌ಮಲ್ಟಿಪಲ್ ಕೊಡಿ.

ಫೀಲ್ಡನ್ನು ಇಡಿಯಾಗಿ ಟೆಂಪ್ಲೇಟಿಗೆ (ಪುಟದ ಎಚ್‌ಟಿಎಂಎಲ್ ಅಚ್ಚಿಗೆ) ಹಾಕಿದರೆ ಜಾಂಗೋ ತನಗೆ ತಿಳಿದಂತೆ ಡಿವ್‌ಗಳನ್ನು ಬರೆಯುತ್ತದೆ, 4.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಯುಎಲ್ ಪಟ್ಟಿ ಬರುತ್ತಿತ್ತು. ಹಿಡಿತ ನಿಮ್ಮ ಕೈಯಲ್ಲಿರಬೇಕಾದರೆ ಫೀಲ್ಡಿನ ಮೇಲೆ ಫಾರ್ ಲೂಪ್ ಓಡಿಸಿ. ಪ್ರತಿ ಸುತ್ತಿನಲ್ಲೂ ಒಂದು ಲೇಬಲ್ ತೆರೆದು ಅದರೊಳಗೆ ಮೊದಲು ‘ಟ್ಯಾಗ್’ (ಬಾಕ್ಸ್), ಆಮೇಲೆ ಸ್ಪ್ಯಾನ್‌ನಲ್ಲಿ ‘ಚಾಯ್ಸ್_ಲೇಬಲ್’ (ಆಯ್ಕೆಯ ಹೆಸರು) ಬರೆಯಿರಿ. ಆಗ ಅಕ್ಷರದ ಮೇಲೆ ಬೆರಳಿಟ್ಟರೂ ಟಿಕ್ ಬೀಳುತ್ತದೆ. ಇಡೀ ಗುಂಪಿಗೆ ಫೀಲ್ಡ್‌ಸೆಟ್, ಪ್ರಶ್ನೆಗೆ ಲೆಜೆಂಡ್. ಲೂಪ್ ಬರೆದವರು ಫೀಲ್ಡಿನ ‘ಎರರ್ಸ್’ (ತಪ್ಪಿನ ಸಂದೇಶ) ಬರೆಯಲು ಮರೆಯುವುದೇ ಹೆಚ್ಚು. ಅದಿಲ್ಲದಿದ್ದರೆ ಫಾರ್ಮ್ ಏಕೆ ವಾಪಸು ಬಂತೆಂದು ವರ್ತಕರಿಗೆ ಗೊತ್ತಾಗುವುದಿಲ್ಲ.

ಈಗ ಪುಟದ ಅಂದ ಹೇಳುವ ಸಿಎಸ್‌ಎಸ್. ಲೇಬಲ್‌ಗೆ ಡಿಸ್‌ಪ್ಲೇ ಫ್ಲೆಕ್ಸ್, ಗ್ಯಾಪ್ 0.6 ಇಎಮ್ (ಫಾಂಟ್ ಅಳತೆಯ 0.6 ಪಟ್ಟು), ಮೇಲೆ ಕೆಳಗೆ ಪ್ಯಾಡಿಂಗ್ 10 ಪಿಕ್ಸೆಲ್. ಲೈನ್-ಹೈಟ್ 1.6ಕ್ಕಿಂತ ಕಡಿಮೆ ಬೇಡ: ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಚೆಕ್‌ಬಾಕ್ಸ್‌ನ ಅಗಲ, ಎತ್ತರ ಎರಡೂ 1.2 ಇಎಮ್. ಆದರೆ ಬ್ರೌಸರ್ ಅದಕ್ಕೆ ತನ್ನದೇ ಸಣ್ಣ ಫಾಂಟ್ ಅಳತೆ ಕೊಟ್ಟಿರುತ್ತದೆ, ಹಾಗಾಗಿ ಮೊದಲು ಫಾಂಟ್-ಸೈಜ್ ಇನ್‌ಹೆರಿಟ್ ಮಾಡದಿದ್ದರೆ ಲೆಕ್ಕ ತಪ್ಪುತ್ತದೆ. ಲೇಬಲ್ ಎರಡು ಸಾಲಿಗೆ ಇಳಿದಾಗ ಬಾಕ್ಸ್ ನಡುವೆ ತೇಲಬಾರದು. ಅಲೈನ್-ಐಟಮ್ಸ್‌ಗೆ ಫ್ಲೆಕ್ಸ್-ಸ್ಟಾರ್ಟ್ ಕೊಟ್ಟು, ಬಾಕ್ಸ್‌ಗೆ ಮೇಲೆ ಮಾತ್ರ 0.2 ಇಎಮ್ ಮಾರ್ಜಿನ್ ಇಡಿ. ಫ್ಲೆಕ್ಸ್-ಶ್ರಿಂಕ್ 0 ಕಡ್ಡಾಯ, ಇಲ್ಲವಾದರೆ ಉದ್ದದ ಕನ್ನಡ ಲೇಬಲ್ ಬಾಕ್ಸನ್ನೇ ಹಿಂಡಿಬಿಡುತ್ತದೆ.

ಬಣ್ಣಕ್ಕೆ ಆಕ್ಸೆಂಟ್-ಕಲರ್ ಒಂದೇ ಸಾಲು ಸಾಕು. ಕ್ರೋಮ್ 93, ಫೈರ್‌ಫಾಕ್ಸ್ 92, ಸಫಾರಿ 15.4ರಿಂದ ಇದು ನಡೆಯುತ್ತದೆ. ಅಪಿಯರೆನ್ಸ್ ನನ್ ಮಾಡಿ (ಬ್ರೌಸರ್ ಕೊಟ್ಟ ರೂಪ ತೆಗೆದು) ಬಾಕ್ಸನ್ನು ಹೊಸದಾಗಿ ಬಿಡಿಸುವ ಗೋಜಿಗೆ ಬಹುತೇಕ ಫಾರ್ಮ್‌ಗಳು ಹೋಗಬೇಕಿಲ್ಲ. ಹೋದರೆ ಟಿಕ್ ಗುರುತನ್ನೂ ನೀವೇ ಬರೆಯಬೇಕು. ಟಿಕ್ ಬ್ಯಾಕ್‌ಗ್ರೌಂಡ್ ಚಿತ್ರವಾಗಿದ್ದರೆ ಪ್ರಿಂಟ್ ತೆಗೆದಾಗ ಸಾಮಾನ್ಯವಾಗಿ ಮಾಯವಾಗುತ್ತದೆ, ಅದಕ್ಕೆ ಪ್ರಿಂಟ್-ಕಲರ್-ಅಡ್ಜಸ್ಟ್ ಎಕ್ಸಾಕ್ಟ್ ಬೇಕು. ಅಸಲಿ ಬಾಕ್ಸನ್ನು ಡಿಸ್‌ಪ್ಲೇ ನನ್ ಮಾಡಿ ಪಕ್ಕದಲ್ಲಿ ಸ್ಪ್ಯಾನ್ ನಿಲ್ಲಿಸುವುದಂತೂ ಬೇಡವೇ ಬೇಡ. ಟ್ಯಾಬ್ ಕೀ ಅದನ್ನು ಮುಟ್ಟುವುದೇ ಇಲ್ಲ, ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಪ್ರಶ್ನೆಯೇ ಇಲ್ಲದಂತಾಗುತ್ತದೆ.

‘ಧಾರಣೆಯ ಎಸ್ಎಂಎಸ್ ಬೇಕು’ ಎಂಬಂಥ ಒಂಟಿ ಬಾಕ್ಸ್‌ಗೆ ಬೂಲಿಯನ್‌ಫೀಲ್ಡ್ ಹಾಕಿದಾಗ ರಿಕ್ವೈರ್ಡ್ ಫಾಲ್ಸ್ ಎಂದು ಬರೆಯಿರಿ. ಟಿಕ್ ಇಲ್ಲದ ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. ಹಾಗೆ ಬರೆಯದಿದ್ದರೆ ಜಾಂಗೋ ಅದನ್ನು ಫಾಲ್ಸ್ ಎಂದು ತಿಳಿದು, ಎಸ್ಎಂಎಸ್ ಬೇಡವೆಂದವರ ಫಾರ್ಮನ್ನು ತಿರಸ್ಕರಿಸುತ್ತದೆ.