ಹರಿಗೋಲಿಗೆ ಹುಟ್ಟು ಹಾಕುವುದು ಹೇಗೆ

ಬೆಂಗಳೂರಿನಲ್ಲಿ ನಾನಿರುವುದು ಕೆಂಗೇರಿಯಲ್ಲಿ. ಇಲ್ಲಿ ಹರಿಯುವ ವೃಷಭಾವತಿ ಮುಂದೆ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ. ಆ ಕಡೆ ಹೊಳೆಯಲ್ಲೇ ನಮ್ಮಪ್ಪ ಹರಿಗೋಲು, ಅಂದರೆ ಬುಟ್ಟಿಯಂಥ ಗುಂಡನೆಯ ದೋಣಿ, ಹಾಕಿ ನಮ್ಮನ್ನು ಸಾಕಿದ್ದು. ರಜೆ ಸಿಕ್ಕಾಗ ನಾನೂ ಹುಟ್ಟು ಹಿಡಿಯುತ್ತೇನೆ. ಕಲಿಸಿಕೊಡು ಅಂತ ಆಫೀಸಿನ ಗೆಳೆಯರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಇದನ್ನು ಬರೆದೆ.

ಈಜು ಬರದಿದ್ದರೆ ಹುಟ್ಟು ಮುಟ್ಟಲೇಬೇಡಿ. ಬಂದರೂ ಲೈಫ್ ಜಾಕೆಟ್ ಹಾಕಿ, ಪಟ್ಟಿ ಬಿಗಿಯಾಗಿರಲಿ. ಮೊದಲು ನೀರು ನಿಂತಿರುವ ಕಡೆ, ಹುಟ್ಟು ಹಾಕಲು ಗೊತ್ತಿರುವವರನ್ನು ಜೊತೆಗಿಟ್ಟುಕೊಂಡೇ ಕಲಿಯಬೇಕು.

ಹತ್ತುವಾಗ ಅಂಚಿನ ಮೇಲೆ ಕಾಲಿಡಬಾರದು. ನೇರ ನಡುವಿಗೆ ಹೆಜ್ಜೆ ಇಟ್ಟು ತಕ್ಷಣ ಕೂತುಬಿಡಿ. ಜನರನ್ನು ಸುತ್ತಲೂ ಒಬ್ಬರಿಗೊಬ್ಬರು ಎದುರಾಗುವಂತೆ ಕೂರಿಸಿ. ದಪ್ಪ ಇರುವವರೆಲ್ಲ ಒಂದೇ ಕಡೆ ಆದರೆ ಹರಿಗೋಲು ವಾಲುತ್ತದೆ. ಹೇಳುವುದಕ್ಕೆ ಸಂಕೋಚ ಆಗುತ್ತದೆ ನಿಜ, ಆದರೆ ಹೇಳಲೇಬೇಕು.

ಇನ್ನು ಹುಟ್ಟು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಈ ಬುಟ್ಟಿಯಂಥ ದೋಣಿಗಳನ್ನು ನೋಡಿ, ಇವು ಬೇರೆ ದೋಣಿಗಳ ಹಾಗೆ ನೇರ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತವೆ ಅಂತ ಬರೆದಿಟ್ಟಿದ್ದಾನೆ. ಇವತ್ತಿಗೂ ಹೊಸಬರ ಕೈಯಲ್ಲಿ ಅದೇ ಆಗುವುದು. ಯಾಕೆಂದರೆ ಅವರು ಪಕ್ಕದಲ್ಲಿ ಕೂತು ನೀರನ್ನು ಹಿಂದಕ್ಕೆ ತಳ್ಳುತ್ತಾರೆ. ನೀವು ಎಲ್ಲಿಗೆ ಹೋಗಬೇಕೋ ಆ ಕಡೆಯ ಅಂಚಿನಲ್ಲಿ ಮಂಡಿಯೂರಿ ಕೂರಿ. ಒಂದು ಕೈ ಹುಟ್ಟಿನ ತುದಿ ಮೇಲೆ, ಇನ್ನೊಂದು ಹಲಗೆಯ ಹತ್ತಿರ. ಹುಟ್ಟನ್ನು ಮುಂದಕ್ಕೆ ಚಾಚಿ, ನೀರಿಗೆ ಇಳಿಸಿ, ನಿಮ್ಮ ಕಡೆಗೆ ಎಳೆದುಕೊಳ್ಳಿ. ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಬಲಕ್ಕೆ. ತಿರುಗುವುದಕ್ಕೆ ಶುರುವಾದರೆ ಗಾಬರಿ ಬೇಡ, ಇನ್ನೊಂದು ಕಡೆಯಿಂದ ಒಂದು ಎಳೆತ ಸಾಕು. ತೋಳಿನ ಬಲಕ್ಕಿಂತ ಸೊಂಟದ ಬಲ ಹಾಕಿ, ಇಲ್ಲದಿದ್ದರೆ ಮಾರನೇ ದಿನ ಭುಜ ಎತ್ತುವುದಕ್ಕೂ ಆಗುವುದಿಲ್ಲ.

ಹರಿಯುವ ನೀರಿನಲ್ಲಿ ಎದುರಿನ ದಡಕ್ಕೆ ನೇರ ಹೋಗುತ್ತೇನೆ ಅಂದರೆ ಆಗಲ್ಲ, ಸೆಳವು ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಈಚೆ ದಡದಲ್ಲೇ ಸಾಕಷ್ಟು ಮೇಲಕ್ಕೆ ಹೋಗಿ, ಅಲ್ಲಿಂದ ಅಡ್ಡ ಹಾಯಬೇಕು. ಸಣ್ಣ ಹರಿಗೋಲಾದರೆ ಬೆನ್ನ ಮೇಲೆ ಕವುಚಿಕೊಂಡು ನಡೆದೇ ಹೋಗಬಹುದು.

ಇದೆಲ್ಲ ನಾಲ್ಕು ದಿನದಲ್ಲಿ ಬಂದುಬಿಡುತ್ತದೆ. ನೀರು ನೋಡುವುದಕ್ಕೇ ವರ್ಷಗಳು ಬೇಕು. ನೀರು ಒಂದೇ ಜಾಗದಲ್ಲಿ ಉಬ್ಬಿ, ಅದರಾಚೆ ಗುಳಿ ಬಿದ್ದಿದ್ದರೆ ಅಡಿಯಲ್ಲಿ ಬಂಡೆ ಇದೆ. ತುಂಬಾ ನುಣ್ಣಗೆ, ಸದ್ದಿಲ್ಲದೆ ಕಂಡರೆ ಆಳದ ಮಡು ಇರಬಹುದು, ಸುಮ್ನೆ ಇದೆ ಅಂತ ನಂಬಬೇಡಿ. ಮೇಕೆದಾಟು, ಮುತ್ತತ್ತಿ ಕಡೆ ಎಷ್ಟೋ ಜನ ಬೆಂಗಳೂರಿಂದ ಹೋದ ಹುಡುಗರೇ ಮುಳುಗಿದ್ದಾರೆ. ಮೇಲೆ ಕೆಆರ್‌ಎಸ್‌ನಲ್ಲೋ ಕಬಿನಿಯಲ್ಲೋ ಗೇಟು ಎತ್ತಿದರೆ, ಸಂಗಮದಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. ನಮ್ಮಪ್ಪ ದಡಕ್ಕೆ ಬಂದವರೇ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚುತ್ತಾರೆ. ಟೀ ಕುಡಿದು ಬರುವಷ್ಟರಲ್ಲಿ ಕಡ್ಡಿಯ ಬುಡಕ್ಕೆ ನೀರು ಸುತ್ತಿಕೊಂಡಿದ್ದರೆ, ಬಣ್ಣ ಕೆಂಪಾಗಿ ಎಲೆ ಪುಳ್ಳೆ ತೇಲಿ ಬರುತ್ತಿದ್ದರೆ, ಅವತ್ತಿಗೆ ಹುಟ್ಟು ಮೇಲಿಟ್ಟರು ಅಂತಲೇ. ಒಂದು ಸಲ ಇನ್ನೂ ಎಂಟು ಜನ ಕಾಯುತ್ತಿದ್ದರು, ಜಾಸ್ತಿ ದುಡ್ಡು ಕೊಡುತ್ತೇವೆ ಅಂದರು. ನಾನು ಆಸೆಯಿಂದ ನೋಡಿದೆ. "ಬ್ಯಾಡ ಮಗ, ಹೊಳೆ ನಾಳೆನೂ ಇರ್ತದೆ" ಅಂದರು ಅಪ್ಪ. ಆ ದಿನದ ಗಳಿಕೆ ಏನಕ್ಕೂ ಸಾಲಲಿಲ್ಲ, ಆದರೂ ಅವರು ಮಾಡಿದ್ದೇ ಸರಿ.

ಬಾಡಿಗೆ ಮಾತ್ರ ಹತ್ತಿಸಿಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಜನ ಈಗಲೂ ಇದ್ದಾರೆ.

ಸಂಜೆ ಹರಿಗೋಲನ್ನು ನೀರಲ್ಲೇ ಬಿಟ್ಟು ಬರಬೇಡಿ. ಹಿಂದಿನ ಕಾಲದಲ್ಲಿ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಬಿದಿರ ದಬ್ಬೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಮೇಲೆಳೆದು ಕವುಚಿ ಹಾಕಿ. ಬೆಳಗ್ಗೆ ಬಿಸಿಲು ಬಂದ ಮೇಲೆ ಒಂದು ಬದಿ ಎತ್ತಿ, ಕತ್ತಲೆಯಲ್ಲಿ ತಲೆ ತೂರಿಸಿ ನೋಡಿ. ಎಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲಿ ತೂತಿದೆ. ಅಲ್ಲಿಗೆ ಒಂದಿಷ್ಟು ಬಿಸಿ ಡಾಂಬರು ಹಚ್ಚಿ, ಗಟ್ಟಿಯಾಗುವವರೆಗೆ ಬಿಟ್ಟು, ಆಮೇಲೆ ನೀರಿಗಿಳಿಸಿ.