ಹಸು ಇದ್ದ ಮನೆಯಲ್ಲಿ ಮಜ್ಜಿಗೆ ಇರಲಿಲ್ಲ

ಬೇಸಿಗೆಯಲ್ಲಿ ನಮ್ಮೂರಿನವರಿಗೆ ಬಾಟಲಿ ಬಿಡಿಸ್ತೀನಿ ಅಂತ ನಮ್ಮ ಆಶಾ ಕಾರ್ಯಕರ್ತೆಯರ ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರಿಗೂ ಬೇರೆ ಬಾಟಲಿ ನೆನಪಾಗಿ ನಕ್ಕರು. ಕೂಲ್ ಡ್ರಿಂಕ್ಸ್ ಬಾಟಲಿ ಎಂದ ಮೇಲೆ ಇನ್ನೂ ಜಾಸ್ತಿ ನಕ್ಕರು. "ಆ ಬಾಟಲಿನಾದ್ರೂ ಬಿಡಿಸಬಹುದು, ಇದು ಆಗಲ್ಲ ಬಿಡಮ್ಮ" ಎಂದರು ಒಬ್ಬ ಅಕ್ಕ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಬಿಡಿಸಿದೆ ಎಂದು ಹೇಳುವುದಿಲ್ಲ. ಹಸು ಇರುವ ಒಂದಷ್ಟು ಮನೆಗಳಲ್ಲಿ ಬಿಡಿಸಿದ್ದೇನೆ.

ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕು, ಸುಮಾರು ಇನ್ನೂರು ಮನೆಯ ಊರು, ನಾನು ಅಲ್ಲಿನ ಆಶಾ ಕಾರ್ಯಕರ್ತೆ. ಮನೆ ಭೇಟಿ, ರಿಜಿಸ್ಟರು, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ.

2024ರಲ್ಲಿ ಮಾಡಿದ್ದೆಲ್ಲ ದಂಡ. ಮೊದಲು ತಾಯಂದಿರ ಸಭೆಯಲ್ಲಿ ಸಕ್ಕರೆ ತೋರಿಸಿದೆ. ನಾನು ತಂದ ಬಾಟಲಿಯ ಚೀಟಿಯಲ್ಲಿ 100 ಮಿಲಿಗೆ ಹತ್ತೂವರೆ ಗ್ರಾಂ ಸಕ್ಕರೆ ಎಂದಿತ್ತು. 250 ಮಿಲಿ ಬಾಟಲಿಗೆ 26 ಗ್ರಾಂ. ಚಮಚದಲ್ಲಿ ಅಳೆದು ಕವರಿಗೆ ಹಾಕಿ ಬಾಟಲಿ ಪಕ್ಕ ಇಟ್ಟೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುತ್ತೆ ಎಂದೆ. ಹೆಂಗಸರು "ಅಯ್ಯೋ, ನಮ್ಮ ಕಾಫಿಗೂ ಅಷ್ಟೇ ಹಾಕ್ತೀವಲ್ಲ" ಎಂದರು. ಮಕ್ಕಳ ಕಣ್ಣೆಲ್ಲ ಬಾಟಲಿ ಮೇಲೆ. ಸಭೆ ಮುಗಿಯುವ ಹೊತ್ತಿಗೆ ಮಾದರಿಗೆ ತಂದ ಎಂಟು ಬಾಟಲಿ ಖಾಲಿ. ನನ್ನ ಕೈಯಿಂದ ಎಂಬತ್ತು ರೂಪಾಯಿ ಹೋಯಿತು, ಊರಿಗೆ ಬಿಟ್ಟಿ ಕೂಲ್ ಡ್ರಿಂಕ್ಸ್ ಸಿಕ್ಕಿತು.

ಏಪ್ರಿಲ್ 26ಕ್ಕೆ ಲೋಕಸಭಾ ಚುನಾವಣೆ. ಮತಗಟ್ಟೆ ಹತ್ತಿರ ಒಆರ್‌ಎಸ್ ಪೊಟ್ಟಣ, ನೀರಿನ ಕೊಡ ಇಟ್ಟುಕೊಂಡು ಕೂತಿದ್ದೆ. ಬಿಸಿಲು ಅಂದ್ರೆ ಆ ಬಿಸಿಲು. ವೋಟು ಹಾಕಿ ಬಂದವರು ನನ್ನ ಕೊಡದ ಮುಂದೆಯೇ ನಡೆದು ಅಂಗಡಿಗೆ ಹೋಗಿ ಬಾಟಲಿ ಬಿಚ್ಚುತ್ತಿದ್ದರು. ಒಬ್ಬ ಹುಡುಗ ಒಆರ್‌ಎಸ್ ಪೊಟ್ಟಣ ಪೂರ್ತಿ ಒಂದೇ ಲೋಟಕ್ಕೆ ಸುರಿದುಕೊಂಡು ಮುಖ ಕಿವುಚಿದ. ಒಂದು ಪೊಟ್ಟಣ ಒಂದು ಲೀಟರಿಗೆ ಎಂದು ಎಷ್ಟು ಸಲ ಹೇಳಿದ್ದೇವೋ. ಅದು ಭೇದಿಯಾದಾಗ, ಮೈಯಲ್ಲಿ ನೀರು ಕಮ್ಮಿಯಾದಾಗ ಕೊಡುವುದು, ದಿನಾ ಕುಡಿಯೋ ಶರಬತ್ತಲ್ಲ. ಮೆಡಿಕಲ್ ಶಾಪಿನಲ್ಲಿ ಮಾರುವ ಸಿಹಿ ಟೆಟ್ರಾ ಪ್ಯಾಕನ್ನೂ ಜನ ಒಆರ್‌ಎಸ್ ಎಂದೇ ಕುಡಿಯುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವಕ್ಕೆ ಆ ಹೆಸರು ಹಾಕಬಾರದು ಎಂದಿತು. ನಮ್ಮ ಬಾಯಿಗೆ ಸ್ವಲ್ಪ ರೆಸ್ಟ್.

ಆಮೇಲೆ ಬಾಟಲಿ ಬದಲು ಅಂಬಲಿ ಮಾಡಿ ಹಂಚಿದೆ. ರಾಗಿ ಹಿಟ್ಟು, ಈರುಳ್ಳಿ, ಗ್ಯಾಸು ಸೇರಿ ಏಳೆಂಟು ದಿನಕ್ಕೆ ಆರುನೂರು ರೂಪಾಯಿ ಸ್ವಂತದ್ದು. ಅಜ್ಜಂದಿರು ಬಂದು ಎರಡೆರಡು ಲೋಟ ಕುಡಿದು ಆಶೀರ್ವಾದ ಮಾಡಿ ಹೋದರು. ಮಕ್ಕಳು ಒಂದು ಗುಟುಕಿಗೇ ಓಡಿದರು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಟ್ಟಿದ್ದರಿಂದ ಮೂರು ಗಂಟೆಗೆಲ್ಲ ಹುಳಿ ಹೆಚ್ಚಾಗಿ ಚೆಲ್ಲಬೇಕಾಯಿತು. ಆ ವರ್ಷ ಅಲ್ಲಿಗೇ ಕೈಬಿಟ್ಟೆ.

ದಾರಿ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಒಂದು ಬಾಣಂತಿ ಮನೆಯಲ್ಲಿ. ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ನೀರೂ ಬೇಡ, ಬೇಸಿಗೆಯಾದರೂ ಬೇಡ ಎಂದು ಅತ್ತೆಗೆ ಹೇಳಲು ಹೋಗಿದ್ದೆ. ಆಯಮ್ಮ ಎಲ್ಲ ಕೇಳಿಸಿಕೊಂಡು, "ಬಿಸಿಲಲ್ಲಿ ಬಂದಿದ್ದೀಯ, ಇರವ್ವ" ಎಂದು ಮೊಮ್ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಅಟ್ಟಿದರು. "ಅದು ಬೇಡ, ಮಜ್ಜಿಗೆ ಕೊಡಿ" ಎಂದೆ. "ಮಜ್ಜಿಗೆ ಎಲ್ಲಿಂದ ತರಲಿ? ಹಾಲೆಲ್ಲ ಡೈರಿಗೆ ಹಾಕ್ತೀವಿ." ಕೊಟ್ಟಿಗೆಯಲ್ಲಿ ಎರಡು ಸೀಮೆಹಸು ಮೆಲುಕು ಹಾಕುತ್ತಾ ನಿಂತಿದ್ದವು.

ಹೌದಲ್ವಾ ಎನಿಸಿತು. ನಾನು ಊರೂರಿಗೆ ಮಜ್ಜಿಗೆ ಕುಡೀರಿ ಎನ್ನುತ್ತಿದ್ದೆ, ಮನೆಯಲ್ಲಿ ಮಜ್ಜಿಗೆಯೇ ಇರಲಿಲ್ಲ. ಕಾಫಿಗೆ ಕಾಲು ಲೀಟರು ಇಟ್ಟುಕೊಂಡು ಉಳಿದಿದ್ದೆಲ್ಲ ಡೈರಿ ಕ್ಯಾನಿಗೆ. ಹಾಲಿನ ದುಡ್ಡಿನ ಬಟವಾಡೆ ಮೆಸೇಜು ಬಂದ ದಿನ ಮಕ್ಕಳಿಗೆ ಬಾಟಲಿ. ಹಾಲು ಕೊಟ್ಟು ಸಕ್ಕರೆ ನೀರು ಕೊಂಡ ಹಾಗಾಯಿತು.

ಅಲ್ಲಿಂದ ಆರೋಗ್ಯದ ಮಾತೇ ಬಿಟ್ಟೆ. ಬರೀ ದುಡ್ಡಿನ ಮಾತು. ಹತ್ತು ಮನೆ ಆರಿಸಿ ಅವರ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಬಟವಾಡೆ, ಅಂದರೆ ಹದಿನೈದು ದಿನ, ಬಾಟಲಿ ತಂದಾಗೆಲ್ಲ ಒಂದು ಗೆರೆ ಎಳೆಯಲು ಹೇಳಿದೆ. ಓದುವ ಮಕ್ಕಳ ಕೈಗೆ ಪೆನ್ನು ಕೊಟ್ಟೆ. ಅವರು ಸುಳ್ಳು ಹೇಳಲ್ಲ, ಹೇಳಿದರೂ ತಂಗಿ ಹೇಳಿಬಿಡುತ್ತಾಳೆ. ಒಂದು ಮನೆಯಲ್ಲಿ 26 ಗೆರೆ, ಬೀಗರು ಬಂದ ದಿನದ ಎರಡು ಲೀಟರಿನದು ಬೇರೆ. ಮುನ್ನೂರೈವತ್ತರ ಮೇಲೆ. ಯಜಮಾನ ಎರಡು ಸಲ ಎಣಿಸಿ, "ಇದು ಒಂದು ಮೂಟೆ ಬೂಸಾದ ಕಾಲು ಭಾಗ ಅಲ್ವಾ" ಎಂದ. ಅದು ಸರಿಯೋ ತಪ್ಪೋ, ನಾನು ಹೌದು ಎಂದೆ.

ಆಮೇಲಿನ ಲೆಕ್ಕ ಸುಲಭ. ಸಂಜೆ ಹಾಲಿನಲ್ಲಿ ಅರ್ಧ ಲೀಟರು ಉಳಿಸಿದರೆ ಸರ್ಕಾರದ ಪ್ರೋತ್ಸಾಹಧನ ಸೇರಿ ಇಪ್ಪತ್ತು ರೂಪಾಯಿ ಖೋತಾ. ಅದನ್ನು ಹೆಪ್ಪು ಹಾಕಿ ಕಡೆದರೆ ಹತ್ತು ಹನ್ನೆರಡು ಲೋಟ ನೀರು ಮಜ್ಜಿಗೆ. ಇಪ್ಪತ್ತು ರೂಪಾಯಿಗೆ ಬಾಟಲಿ ಬರುವುದು ಎರಡೇ. ಏಪ್ರಿಲ್ 6ಕ್ಕೆ ರಾಮನವಮಿ, ಹೇಗೂ ಎಲ್ಲರ ಮನೆಯಲ್ಲೂ ಪಾನಕ, ಮಜ್ಜಿಗೆ, ಕೋಸಂಬರಿ. "ಅವತ್ತು ಶುರು ಮಾಡಿ, ನಿಲ್ಲಿಸಬೇಡಿ" ಅಂದೆ ಅಷ್ಟೇ.

ಉಪ್ಪು ಮಾತ್ರ ಕಮ್ಮಿ. ಬಿಪಿ ಇರುವವರಿಗೆ ಹಾಕಲೇಬೇಡಿ, ಶುಂಠಿ, ಕರಿಬೇವು ಸಾಕು. ಮಕ್ಕಳು ಕೇಳಿ ಕೇಳಿ ಕುಡಿಯುವ ಹಾಗೆ ನಾನು ಇನ್ನೊಂದು ಸೊಪ್ಪು ಜಜ್ಜಿ ಹಾಕುತ್ತೇನೆ. ಅದನ್ನು ಹೇಳಲ್ಲ. ನಮ್ಮೂರಿಗೆ ಬನ್ನಿ, ಕುಡಿದು ಕಂಡುಹಿಡಿಯಿರಿ.

ಮಜ್ಜಿಗೆಗೆ ನೀರು ಊರಿನ ಶುದ್ಧ ನೀರಿನ ಘಟಕದ್ದೇ ಆಗಬೇಕು. ನಮ್ಮ ಕಡೆ ಬೋರಿನ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಕುದಿಸಿದರೆ ಅದು ಹೋಗುವುದೂ ಇಲ್ಲ. ಮೇ ತಿಂಗಳಲ್ಲಿ ಘಟಕ ಕೆಟ್ಟು ಹತ್ತು ಹನ್ನೆರಡು ದಿನ ನಿಂತಿತು. ಯಾರ ಬಾಗಿಲು ತಟ್ಟಿದರೂ ನಾಳೆ ಎಂದರು. ಆ ದಿನಗಳಲ್ಲಿ ಪುಸ್ತಕದ ಗೆರೆ ಮತ್ತೆ ಏರಿತು. ಪಕ್ಕದೂರಿನಿಂದ ಬೈಕಿನಲ್ಲಿ ಕ್ಯಾನು ತರಿಸಿ ಹೇಗೋ ದಾಟಿಸಿದೆವು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಗಾಳಿ ಮಳೆಗೆ ತೋಟದಲ್ಲಿ ಉದುರಿದ ಮಾವಿನಕಾಯಿ ರಾಶಿ ರಾಶಿ, ಕೇಳಿದರೆ ಸುಮ್ನೆ ಕೊಡುತ್ತಾರೆ. ಬೇಯಿಸಿ ಪಾನಕ ಮಾಡಿದೆ. ರುಚಿಯೇನೋ ಬೊಂಬಾಟ್. ಆದರೆ ಆ ಹುಳಿಗೆ ಬೆಲ್ಲ ಹಾಕಿ ಹಾಕಿ ಕೊನೆಗೆ ಅಳೆದರೆ ಬಾಟಲಿಗಿಂತ ಏನೂ ಕಮ್ಮಿಯಿರಲಿಲ್ಲ. ಬೆಲ್ಲವೂ ಸಕ್ಕರೆಯೇ ಅಲ್ವಾ. ಈಗ ಪಾನಕ ಹಬ್ಬಕ್ಕೆ, ನೆಂಟರಿಗೆ ಮಾತ್ರ. ನೆಂಟರಿಗೆ ಮಜ್ಜಿಗೆ ಕೊಟ್ಟರೆ ಮರ್ಯಾದೆ ಹೋಗುತ್ತೆ ಎನ್ನುವವರಿಗೆ ನಿಂಬೆ ಪಾನಕ, ಬೆಲ್ಲ ಅರ್ಧ, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. ಬೀಜ ತೇಲುತ್ತಿದ್ದರೆ ಬೀಗರು "ಇದೇನು ಸ್ಪೆಷಲ್ಲು" ಎಂದು ಕೇಳುತ್ತಾರೆ. ಕೆಲಸ ಅಲ್ಲಿಗೆ ಆಯಿತು.

ಇನ್ನು ಓಡಾಟ. ಹೆಂಗಸರಿಗೆ ವ್ಯಾಯಾಮ ಎಂದೆ, ಸೀಮೆಹುಲ್ಲಿನ ಹೊರೆ ನನ್ನ ತಲೆ ಮೇಲಿಟ್ಟು "ಇದೇನು ಹಂಗಾರೆ?" ಎಂದು ಕೇಳಿದರು. ಒಪ್ಪಿಕೊಂಡು ಬಾಯಿ ಮುಚ್ಚಿಕೊಂಡೆ. ಅಲುಗಾಡಬೇಕಾದವರು ರಜದಲ್ಲಿ ಮೊಬೈಲ್ ಹಿಡಿದ ಮಕ್ಕಳು, ಕಟ್ಟೆ ಮೇಲೆ ಇಸ್ಪೀಟು ಆಡುವ ಶುಗರಿನ ಗಂಡಸರು. ಬೆಳಗ್ಗೆ ಆರಕ್ಕೆ ಮಕ್ಕಳನ್ನು ಕರೆದೆ, ಮೂವರು ಬಂದರು. ಹೇಗೂ ಸಂಜೆ ಐದೂವರೆಗೆ ಇಡೀ ಊರು ಹಾಲು ಹಾಕಲು ಡೈರಿಗೆ ಬರುತ್ತೆ, ಮಕ್ಕಳೂ ಬಾಲದ ಹಾಗೆ ಬರುತ್ತವೆ. ಅಲ್ಲೇ ಹೆಂಚಿನ ಚೂರು ಜೋಡಿಸಿ ಲಗೋರಿ ಶುರು ಮಾಡಿಸಿದೆ. ಬಿಸಿಲೂ ಇಳಿದಿರುತ್ತೆ. ಎರಡು ಆಟ ಮುಗಿಸಿದವರಿಗೆ ಒಂದು ಲೋಟ ಮಜ್ಜಿಗೆ. ದೊಡ್ಡ ಹೆಣ್ಣುಮಕ್ಕಳು ಬಯಲಲ್ಲಿ ಓಡಬಾರದು ಎಂದು ತಕರಾರು ಬಂತು. ತಕರಾರು ತೆಗೆದ ಅಜ್ಜಿಯನ್ನೇ ಅಂಪೈರ್ ಮಾಡಿದೆ. ಈಗ ಆಯಮ್ಮ ಬರದೆ ಆಟ ಶುರುವಾಗಲ್ಲ. ಗಂಡಸರ ವಿಷಯದಲ್ಲಿ ಸೋತೆ. ನಾಲ್ಕೈದು ಜನ ಕೆರೆ ಕಟ್ಟೆ ತನಕ ನಡೆಯುತ್ತಾರೆ, ಉಳಿದವರು ಲಗೋರಿ ನೋಡುತ್ತಾ ಕೂರುತ್ತಾರೆ.

ಅಂಗಡಿಯವನು ಮೊದಲು ನನ್ನ ಮೇಲೆ ಉರಿದುಬಿದ್ದ. ಒಂದು ಬಾಟಲಿಗೆ ಒಂದೂವರೆ ರೂಪಾಯಿ ಸಿಗುತ್ತಿತ್ತಂತೆ. ಈಗ ಅವನೇ ಐಸ್ ಬಾಕ್ಸಿನಲ್ಲಿ ಮಜ್ಜಿಗೆ ಇಟ್ಟು ಲೋಟಕ್ಕೆ ಐದು ರೂಪಾಯಿಯಂತೆ ಮಾರುತ್ತಾನೆ, ಎರಡು ರೂಪಾಯಿ ಉಳಿಯುತ್ತೆ. ಬಾಟಲಿಗಳು ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗಿವೆ. ಹೇಗೆ ಒಪ್ಪಿಸಿದೆ ಎನ್ನುವುದು ನನಗೂ ಅವನ ಹೆಂಡತಿಗೂ ಮಾತ್ರ ಗೊತ್ತು.

ಜೂನ್‌ನಲ್ಲಿ ಡೈರಿ ಸೆಕ್ರೆಟರಿ ದಾರಿಯಲ್ಲಿ ಅಡ್ಡ ನಿಂತು, "ಅಕ್ಕಾ, ಸಂಜೆ ಹಾಲು ಇಪ್ಪತ್ತು ಲೀಟರು ಕಮ್ಮಿಯಾಗಿದೆ, ಏನು ಮಾಡಿಟ್ಟಿದ್ದೀರಿ?" ಎಂದು ಗದರಿದರು. ಮನೆಗೆ ಅರ್ಧ ಲೀಟರಿನಂತೆ ನಲವತ್ತು ಮನೆ! ಯಾವ ರಿಜಿಸ್ಟರೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. ಹಸು ಇಲ್ಲದ ಮನೆಗಳ ಕಥೆ ಬೇರೆ, ಅಲ್ಲಿ ಇನ್ನೂ ಬಾಟಲಿಯೇ ಜಾಸ್ತಿ. ಈ ಸಲ ಪಕ್ಕದ ಮನೆಯವರಿಂದ ಮೊಸರು ಕೊಡಿಸುವ ಏರ್ಪಾಡು ನೋಡುತ್ತಿದ್ದೇನೆ.

ಎರಡು ವರ್ಷಕ್ಕೆ ನನ್ನ ಕೈಯಿಂದ ಹೋಗಿದ್ದು ಸುಮಾರು ಎರಡು ಸಾವಿರ. ಅದರಲ್ಲಿ ಮುನ್ನೂರು ಬರೀ ರಬ್ಬರ್ ಚೆಂಡಿಗೆ. ಅರ್ಧ ಚೆಂಡು ಡೈರಿ ಹಿಂದಿನ ಪಾಳು ಬಾವಿಯಲ್ಲಿವೆ. ಅಂಗಡಿಯವನು ಯುಗಾದಿಗೆ ಮೊದಲೇ ಐಸ್ ಬಾಕ್ಸ್ ತೊಳೆದಿಟ್ಟಿದ್ದಾನೆ. ಈ ವರ್ಷದ ಚೆಂಡಿನ ದುಡ್ಡು ಅವನು ಕೊಡಬೇಕೋ ಸೆಕ್ರೆಟರಿ ಕೊಡಬೇಕೋ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.