ಉಬುಂಟುವಿನಿಂದ ರಾಕಿಗೆ ವಿಎಂ ಸಾಗಿಸುವುದು: ಡಿಸ್ಕ್ ಸುಲಭ, ಎಕ್ಸ್‌ಎಂಎಲ್ ತಲೆನೋವು

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಮಾವನದು ಟೊಮೆಟೊ ಮಂಡಿ. ಅಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ, ಆ ವಿಂಡೋಸ್ ಹಳೇ ಪಿಸಿಯ ಉಬುಂಟು 22.04ರಲ್ಲಿ ಕೆವಿಎಂ (ಲಿನಕ್ಸ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವ್ಯವಸ್ಥೆ) ಮೇಲೆ ವಿಎಂ ಆಗಿ, ಅಂದರೆ ಪಿಸಿಯೊಳಗಿನ ಪಿಸಿಯಾಗಿ ಕೂತಿತ್ತು. ಹೊಸ ಪಿಸಿಗೆ ರೆಡ್‌ಹ್ಯಾಟ್ ಕುಟುಂಬದ ರಾಕಿ ಲಿನಕ್ಸ್ 9 ಹಾಕಿದ್ದೆ. 15 ಕೆಜಿ ಬಾಕ್ಸ್‌ಗಳು ಲೋಡುಗಟ್ಟಲೆ ಬರೋಕೆ ಮುಂಚೆ ವಿಎಂ ಅಲ್ಲಿಗೆ ಹೋಗಬೇಕಿತ್ತು.

ಓಡುತ್ತಿರುವಾಗಲೇ ಸಾಗಿಸುವ ಆಸೆ ಬಿಡಿ. ಬೇರೆ ಬೇರೆ ಡಿಸ್ಟ್ರೋಗಳ (ಲಿನಕ್ಸ್ ಬಗೆಗಳ) ನಡುವೆ ಅದು ಸುಮ್ನೆ ರಗಳೆ. ರಾತ್ರಿ ಮಂಡಿ ಮುಚ್ಚಿದ ಮೇಲೆ ಆಫ್ ಮಾಡಿಯೇ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಆಫ್ ಆಗಲ್ಲ, ಅರೆನಿದ್ದೆಯಲ್ಲಿರುತ್ತೆ. ಮೊದಲು ಅದನ್ನು ತೆಗೆಯಿರಿ.

ಆಮೇಲೆ ಹಳೇ ಪಿಸಿಯಲ್ಲಿ 'ವರ್ಶ್ ಡಂಪ್‌ಎಕ್ಸ್‌ಎಂಎಲ್' (virsh dumpxml) ಕಮಾಂಡ್ ಕೊಟ್ಟು ವಿಎಂನ ವಿವರವನ್ನು ಒಂದು ಎಕ್ಸ್‌ಎಂಎಲ್ ಫೈಲಿಗೆ ಇಳಿಸಿಕೊಳ್ಳಿ. 'ವರ್ಶ್ ಡಾಮ್‌ಬ್ಲಾಕ್‌ಲಿಸ್ಟ್' (virsh domblklist) ಡಿಸ್ಕ್ ಫೈಲ್ ಎಲ್ಲಿದೆ ಅಂತ ಹೇಳುತ್ತೆ. ಆ ಫೈಲಿನ ಮೇಲೆ 'ಕೆಮು-ಇಮೇಜ್ ಇನ್ಫೋ' (qemu-img info) ಓಡಿಸಿ ನೋಡಿ, ಬ್ಯಾಕಿಂಗ್ ಫೈಲ್ ಅನ್ನುವ ಸಾಲು ಕಂಡರೆ ನಿಮ್ಮ ಡೇಟಾ ಒಂದಕ್ಕಿಂತ ಹೆಚ್ಚು ಫೈಲಿನಲ್ಲಿ ಹಂಚಿಕೊಂಡಿದೆ ಅಂತ ಅರ್ಥ. ಆಗ 'ಕೆಮು-ಇಮೇಜ್ ಕನ್ವರ್ಟ್' ಮಾಡಿ ಒಂದೇ ಫೈಲ್ ಮಾಡಿಕೊಳ್ಳಿ. ಕಾಪಿಗೆ ಆರ್‌ಸಿಂಕ್ ಸಾಕು, ಆದರೆ ಸ್ಪಾರ್ಸ್ (ಖಾಲಿ ಜಾಗವನ್ನು ಬರೆಯದೆ ಬಿಡುವ) ಆಯ್ಕೆ ಮರೀಬೇಡಿ. ಇಲ್ಲದಿದ್ದರೆ 40 ಜಿಬಿ ತುಂಬಿರುವ 100 ಜಿಬಿ ಡಿಸ್ಕ್ ಆ ಕಡೆ ಪೂರ್ತಿ 100 ಜಿಬಿ ಜಾಗ ತಿಂದುಬಿಡಬಹುದು.

ಇಲ್ಲಿವರೆಗೂ ಆರಾಮ. ಎಕ್ಸ್‌ಎಂಎಲ್ ಹಾಗೇ ತಗೊಂಡು ಹೋಗಿ 'ವರ್ಶ್ ಡಿಫೈನ್' ಕೊಟ್ಟರೆ ರಾಕಿ ಒಪ್ಪಲ್ಲ.

ಮೊದಲನೇ ಜಗಳ ಎಮ್ಯುಲೇಟರ್ ಸಾಲಿನದು. ವಿಎಂ ಓಡಿಸುವ ಪ್ರೋಗ್ರಾಂ ಕೆಮು ಉಬುಂಟುವಿನಲ್ಲಿ ಇರುವ ಜಾಗ ಬೇರೆ, ರೆಡ್‌ಹ್ಯಾಟ್ ಕುಟುಂಬದಲ್ಲಿ ಬೇರೆ. ಆ ಸಾಲನ್ನೇ ಅಳಿಸಿಬಿಡಿ, ವಿಎಂಗಳನ್ನು ನೋಡಿಕೊಳ್ಳುವ ಲಿಬ್‌ವರ್ಟ್ ತನ್ನದನ್ನು ತಾನೇ ತುಂಬಿಕೊಳ್ಳುತ್ತೆ. ಎರಡನೇದು ಮಷೀನ್ ಟೈಪ್, ಅಂದರೆ ವಿಎಂಗೆ ಕಾಣುವ ಮದರ್‌ಬೋರ್ಡ್ ಮಾದರಿ. ನನ್ನದರಲ್ಲಿ 'ಪಿಸಿ-ಕ್ಯೂ35-6.2' ಅಂತ ಇತ್ತು. ರಾಕಿಯಲ್ಲಿ ಆ ಹೆಸರೇ ಇಲ್ಲ, ಅಲ್ಲಿ ವರ್ಷನ್ ನಂಬರ್ ಇರುವ ಹೆಸರುಗಳಲ್ಲಿ 'ರೆಲ್' (rhel) ಅಂತ ಸೇರಿರುತ್ತೆ. ಬರೀ 'ಕ್ಯೂ35' ಅಂತ ಬರೆದೆ, ಒಪ್ಪಿಕೊಂಡಿತು. ನಿಮ್ಮದು ಹಳೇ ಮಾದರಿಯಾದ ಐ440ಎಫ್‌ಎಕ್ಸ್ ಆಗಿದ್ದರೆ ಬರೀ 'ಪಿಸಿ' ಅಂತ ಹಾಕಿ. ಹೊಸದು ಒಳ್ಳೇದು ಅಂತ ಅದನ್ನು ಕ್ಯೂ35 ಮಾಡಲು ಹೋಗಬೇಡಿ, ಒಳಗಿನ ವಿಂಡೋಸ್‌ಗೆ ಮದರ್‌ಬೋರ್ಡ್ ಬದಲಾದ ಹಾಗೆ ಆಗುತ್ತೆ.

ಮೂರನೇದು ಸ್ಪೈಸ್, ಅಂದರೆ ವಿಎಂನ ಪರದೆ ತೋರಿಸುವ ಒಂದು ವ್ಯವಸ್ಥೆ. ರೆಡ್‌ಹ್ಯಾಟ್ 9ರಲ್ಲೇ ಅದನ್ನು ಕಿತ್ತುಹಾಕಿದ್ದಾರೆ. ಗ್ರಾಫಿಕ್ಸನ್ನು ವಿಎನ್‌ಸಿ ಮಾಡಿ, ಕ್ಯೂಎಕ್ಸ್‌ಎಲ್ ಬದಲು ವಿಜಿಎ ಹಾಕಿ, ಸ್ಪೈಸ್ ಹೆಸರಿರುವ ಚಾನೆಲ್, ಆಡಿಯೋ, ಯುಎಸ್‌ಬಿ ಸಾಲುಗಳನ್ನೆಲ್ಲ ತೆಗೆಯಿರಿ. ಒಂದು ಉಳಿದರೂ ತಕರಾರು ಮಾಡುತ್ತೆ. ವಿಎಂ ನೆಟ್‌ವರ್ಕ್ ಸೇರುವ ಬ್ರಿಡ್ಜ್‌ನ ಹೆಸರು ಎರಡೂ ಕಡೆ ಒಂದೇ ಇರಲಿ. ಯುಇಎಫ್‌ಐ (ಹೊಸ ಬಗೆಯ ಬಯಾಸ್) ವಿಎಂ ಆದರೆ ಎನ್‌ವಿರ‍್ಯಾಮ್ ಫೈಲನ್ನೂ (ಬೂಟ್ ಸೆಟ್ಟಿಂಗ್ ಇರುವ ಫೈಲ್) ಜೊತೆಗೆ ಒಯ್ಯಬೇಕು, ಫರ್ಮ್‌ವೇರ್ ದಾರಿಯನ್ನೂ ತಿದ್ದಬೇಕು.

ಇಷ್ಟಾದ ಮೇಲೂ ನನಗೆ 'ಪರ್ಮಿಷನ್ ಡಿನೈಡ್' ಬಂತು. ಫೈಲಿನ ಪರ್ಮಿಷನ್ ಎಲ್ಲಾ ಸರಿಯಾಗಿಯೇ ಇತ್ತು, ತಪ್ಪು ಎಸ್‌ಇಲಿನಕ್ಸ್ (ರಾಕಿಯ ಇನ್ನೊಂದು ಭದ್ರತಾ ಕಾವಲು) ಫೈಲಿಗೆ ಅಂಟಿಸುವ ಲೇಬಲ್‌ದು. ಡಿಸ್ಕನ್ನು ಮೊದಲು ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ, ಅಲ್ಲಿಂದ ಲಿಬ್‌ವರ್ಟ್‌ನ ಇಮೇಜಸ್ ಫೋಲ್ಡರ್‌ಗೆ ಮೂವ್ ಮಾಡಿದ್ದೆ. ಮೂವ್ ಮಾಡಿದರೆ ಹಳೇ ಲೇಬಲ್ಲೂ ಹಿಂದೆಯೇ ಬರುತ್ತೆ, ಅಲ್ವಾ. ಆ ಫೋಲ್ಡರ್ ಮೇಲೆ 'ರಿಸ್ಟೋರ್‌ಕಾನ್' ಒಂದು ಸಲ ಓಡಿಸಿದೆ, ವಿಂಡೋಸ್ ಎದ್ದಿತು.

ಒಂದನ್ನು ಮಾತ್ರ ಮರೆತಿದ್ದೆ, ಹಳೇ ಪಿಸಿಯ ಆಟೋಸ್ಟಾರ್ಟ್. ಮೂರನೇ ದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂತು, ಎರಡೂ ಪಿಸಿ ಆನ್ ಆದವು, ಎರಡರಲ್ಲೂ ವಿಂಡೋಸ್ ಎದ್ದು ಕೂತಿತು. ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಗುರುತು) ಒಂದೇ, ಐಪಿ ಒಂದೇ. ಕೌಂಟರ್ ಕಂಪ್ಯೂಟರ್‌ಗಳು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಬಿಲ್ ಬರೆದವು. 'ಏನಪ್ಪಾ ಇದು, ಒಂದೇ ನಂಬರಿನ ಬಿಲ್ಲು ಇಬ್ಬರು ರೈತರ ಕೈಲಿದೆ?' ಅಂತ ಮಾವ ಫೋನ್ ಮಾಡಿದರು. ಸಂಜೆವರೆಗೂ ಕೂತು ಬಿಲ್ಲುಗಳನ್ನು ಕೈಯಲ್ಲಿ ತಾಳೆ ಹಾಕಿದೆವು.

ಹಾಗಾಗಿ ಹೊಸದು ಎದ್ದ ಕೂಡಲೇ ಹಳೇದರಲ್ಲಿ 'ವರ್ಶ್ ಆಟೋಸ್ಟಾರ್ಟ್' ಡಿಸೇಬಲ್ ಮಾಡಿ, ಡಿಸ್ಕ್ ಫೈಲಿನ ಹೆಸರಿನ ಮುಂದೆ 'ಹಳೇದು' ಅಂತ ಸೇರಿಸಿ. ಯಾರಾದರೂ ಸ್ಟಾರ್ಟ್ ಒತ್ತಿದರೂ ಫೈಲ್ ಸಿಗಲ್ಲ. ಒಂದು ವಾರ ಬಿಲ್ಲುಗಳೆಲ್ಲ ಸರಿಯಾಗಿ ಬಂದರೆ ಆಮೇಲೆ ಅಳಿಸಿ.